ಎಲೆ ಜೋತುಬಿದ್ದರೆ ಮೊದಲು ನೀರಿನ ತಂಬಿಗೆ ಕೆಳಗಿಡಿ

  ಇವತ್ತು ರಾಜಕೀಯ ಇಲ್ಲ, ರಿಸಲ್ಟ್ ಇಲ್ಲ. ಇವತ್ತು ಒಂದೇ ಒಂದು ಕುಂಡದ ವಿಷಯ.

ಬೇಸಿಗೆ ಶುರುವಾದರೆ ಸಾಕು, ಗೆಳತಿಯರ ಗ್ರೂಪಿನಲ್ಲಿ ಒಂದೇ ಥರದ ಫೋಟೊ ಬರ್ತವೆ. ಕಿಟಕಿ ಹತ್ತಿರ ಒಂದು ಗಿಡ, ಎಲೆಗಳೆಲ್ಲ ನೆಲ ನೋಡುತ್ತಿವೆ, ಕೆಳಗೆ "ಏನ್ ಮಾಡ್ಲಿ?" ಅಂತ ಪ್ರಶ್ನೆ. ಅದರ ಕೆಳಗೆ ಹತ್ತು ಜನರ ಒಂದೇ ಉತ್ತರ: "ನೀರು ಹಾಕು." ನಾನೂ ಹಾಗೇ ಹೇಳ್ತಿದ್ದೆ. ಒಂದು ಗಿಡವನ್ನು ಹೆಚ್ಚೂಕಡಿಮೆ ಕೊಂದ ಮೇಲೆ ಹೇಳೋದು ಬಿಟ್ಟೆ.

ಆ ಗಿಡ ನನ್ನದಲ್ಲ, ನಮ್ಮ ಆಯಿಯದು. ಆಯಿ ಅಂದ್ರೆ ಅವ್ವನ ಅವ್ವ. ಆಕೆಯ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋದ ಓಣಿಯಲ್ಲಿ. ಮುಳುಗಡೆ ಅಂದ್ರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಹಳ ಮಂದಿ ಚಾರ್ಲ್ಸ್ ಕೊರಿಯಾ ಯೋಜನೆ ಹಾಕಿಕೊಟ್ಟ ನವನಗರಕ್ಕೆ ಬಂದರು. ಆಯಿ ಮಾತ್ರ ಮಗನ ಜೊತೆ, ಅಂದ್ರೆ ನಮ್ಮ ಸೋದರಮಾವನ ಜೊತೆ, ಕಲಾದಗಿಗೆ ಹೋದಳು. ಬಾಗಿಲು, ತೊಲೆ, ಹಂಡೆ ಎಲ್ಲ ಟ್ರ್ಯಾಕ್ಟರಿನಲ್ಲಿ ಹೋದವು. ಮನೆ ಮುಂದೆ ಹಬ್ಬಿದ್ದ ಮನಿ ಪ್ಲಾಂಟ್ ಬಳ್ಳಿಯ ಒಂದು ತುಂಡು ಹಾರ್ಲಿಕ್ಸ್ ಬಾಟಲಿಯಲ್ಲಿ, ಆಕೆಯ ತೊಡೆ ಮೇಲೆ ಕೂತು ಹೋಯಿತು.

ಆಯಿ ತೀರಿಕೊಂಡ ಮೇಲೆ ಆ ಬಳ್ಳಿಯನ್ನು ನಾನು ಕೇಳಿ ಇಸಕೊಂಡೆ. ನವನಗರದ ನನ್ನ ಬಾಡಿಗೆ ರೂಮಿಗೆ ತಂದೆ. ಬಣ್ಣದ ಚಂದದ ಸಿರಾಮಿಕ್ ಪಾಟ್ ಕೊಂಡೆ. ಕಲಾದಗಿ ಹೊಲದ ಎರಿ ಮಣ್ಣು ತುಂಬಿದೆ, ಆ ಮಣ್ಣಿನದೇ ಗಿಡ ಅಲ್ವಾ ಅಂತ. ಮಾರ್ಚ್ ಕೊನೆಗೆ ಎಲೆಗಳು ಜೋತು ಬಿದ್ದವು. ನೀರು ಹಾಕಿದೆ. ಮರುದಿನ ಇನ್ನಷ್ಟು ಜೋತವು. ಮತ್ತೆ ಹಾಕಿದೆ. ಬಿಸಿಲು ಜಾಸ್ತಿ ಅಂತ ಮುಂಜಾನೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಹಾಕಿದೆ. ಒಂದು ವಾರಕ್ಕೆ ಬುಡದ ಎಲೆಗಳು ಹಳದಿಯಾಗಿ, ಮುಟ್ಟಿದರೆ ಕೈಗೇ ಕಳಚಿ ಬರತೊಡಗಿದವು.

ಮಾಮಾಗೆ ವಿಡಿಯೊ ಕಾಲ್ ಮಾಡಿದೆ. ಮಾಮಾಗೆ ಕಲಾದಗಿಯಲ್ಲಿ ದಾಳಿಂಬೆ ತೋಟ ಇದೆ. ಕುಂಡದ ಗಿಡದ ಬಗ್ಗೆ ಆತನಿಗೇನು ಗೊತ್ತಿರ್ತದ ಅಂತ ಅನುಮಾನದಿಂದಲೇ ಮಾಡಿದ್ದು.

"ಬೆರಳು ಹಾಕಿ ನೋಡಿದೀ ಏನು?"

"ಇಲ್ಲ ಮಾಮಾ. ಎಲಿ ಜೋತು ಬಿದ್ದಾವಲ್ಲ, ಅದಕ ನೀರು ಹಾಕೇನಿ."

"ಎಲಿ ಬಿಡು. ಮಣ್ಣಾಗ ಬೆರಳು ಹಾಕು. ಉಂಡಿ ಕಟ್ಟಿದ್ರ ಉಂಡಿ ಆಗತೈತೇನು?"

ಹಾಕಿದೆ. ಮಣ್ಣು ಕೆಸರಿನ ಹಾಗೆ ಮೆತ್ತಿಕೊಂಡಿತು. ಕೊಳೆತ ವಾಸನೆ ಬೇರೆ.

"ನೀರಡಿಕಿ ಅಲ್ಲವಾ ಅದು," ಅಂದ ಮಾಮಾ. "ಉಸಿರು ಕಟ್ಟೈತಿ ಅದಕ್ಕ."

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಇಡೀ ಸಂಚಿಕೆ ಇದರ ಮೇಲೇ ನಿಂತಿದೆ.

ಎಲೆ ನೆಟ್ಟಗೆ ನಿಲ್ಲೋದು ಅದರೊಳಗೆ ಎಲುಬು ಇದೆ ಅಂತಲ್ಲ. ಒಳಗಿನ ಒಂದೊಂದು ಕೋಶವೂ ನೀರು ತುಂಬಿ ಬಿಗಿಯಾಗಿರ್ತದೆ, ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ. ಗಾಳಿ ಇಳಿದರೆ ಟ್ಯೂಬ್ ಮೆತ್ತಗಾಗ್ತದೆ, ನೀರು ಇಳಿದರೆ ಎಲೆ ಜೋಲುತ್ತದೆ. ಇನ್ನು ಎಲೆಯ ಸಣ್ಣ ರಂಧ್ರಗಳಿಂದ ನೀರು ಹಗಲೆಲ್ಲ ಆವಿಯಾಗಿ ಹೋಗ್ತಾನೇ ಇರ್ತದೆ. ಎಷ್ಟು ಅಂತೀರಿ? 1724ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ಮುಂಜಾನೆ ಸಂಜೆ ತಕ್ಕಡಿಗಿಟ್ಟು ತೂಗಿದ. ಹಗಲಿನ 12 ತಾಸಿನಲ್ಲಿ ಸರಾಸರಿ ಅರ್ಧ ಕಿಲೋಕ್ಕಿಂತ ಹೆಚ್ಚು ತೂಕ ಇಳಿಯುತ್ತಿತ್ತು. ಅಷ್ಟೂ ಎಲೆಯಿಂದ ಹೋದ ನೀರು. ಅದು ಇಂಗ್ಲೆಂಡಿನ ಬಿಸಿಲಿನಲ್ಲಿ. ಏಪ್ರಿಲ್ ಮಧ್ಯಾಹ್ನ ನಮ್ಮ ಬಾಗಲಕೋಟೆಯಲ್ಲಿ 40 ಡಿಗ್ರಿ ಮುಟ್ಟಿದಾಗ ಗಿಡದ ಪಾಡು ಏನು, ನೀವೇ ಲೆಕ್ಕ ಹಾಕಿ.

ಅಂದ್ರೆ ಮೇಲೆ ಖರ್ಚು, ಕೆಳಗೆ ಆದಾಯ. ಬೇರು ತಂದುಕೊಟ್ಟದ್ದಕ್ಕಿಂತ ಎಲೆ ಕಳಕೊಂಡದ್ದು ಜಾಸ್ತಿಯಾದರೆ ಗಿಡ ಬಾಗುತ್ತದೆ. ಎಲೆ ನಮಗೆ ತೋರಿಸೋದು ಇಷ್ಟೇ. ಆದಾಯ ಯಾಕೆ ನಿಂತಿತು ಅನ್ನೋದನ್ನು ಎಲೆ ಹೇಳೋದಿಲ್ಲ. ಮಣ್ಣು ಒಣಗಿರಬಹುದು. ಮಣ್ಣಲ್ಲಿ ನೀರಿದ್ದೂ ಬೇರು ಸತ್ತಿರಬಹುದು. ಬೇರು ಚಲೋ ಇದ್ದೂ ಮಣ್ಣಿನ ಉಪ್ಪು ನೀರನ್ನು ಹಿಡಿದಿಟ್ಟಿರಬಹುದು. ಬೇರಿನಿಂದ ಎಲೆಗೆ ಹೋಗುವ ಕೊಳವೆಯೇ ಕಟ್ಟಿಕೊಂಡಿರಬಹುದು. ನಾಲ್ಕಕ್ಕೂ ಮೇಲೆ ಕಾಣೋದು ಒಂದೇ ಜೋತ ಎಲೆ.

ನನ್ನ ಗಿಡದ್ದು ಎರಡನೆಯದು. ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವೆ ಇರುವ ಗಾಳಿಯಿಂದ ಅದು ಆಮ್ಲಜನಕ ತಗೊಳ್ತದೆ. ಆ ಸಂದುಗಳಲ್ಲೆಲ್ಲ ನೀರೇ ನಿಂತರೆ ಆಮ್ಲಜನಕ ಬೇರಿಗೆ ತಲುಪೋದು ಭಾರಿ ಕಷ್ಟ, ಯಾಕಂದ್ರೆ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಅದು ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರಿಲ್ಲದ ಬೇರು ನೀರು ಎಳೆಯೋದನ್ನೇ ನಿಲ್ಲಿಸ್ತದೆ. ಸುತ್ತ ನೀರು, ಎಲೆಗೆ ಒಂದು ಹನಿಯೂ ಇಲ್ಲ. ನಾವು ಮೇಲಿನಿಂದ ನೋಡಿ "ಪಾಪ, ಒಣಗಿದೆ" ಅಂತ ಮತ್ತೊಂದು ತಂಬಿಗೆ ಸುರಿಯುತ್ತೇವೆ. ಆಮೇಲೆ ಕೊಳೆ ಹಿಡಿಸುವ ಶಿಲೀಂಧ್ರಗಳು ಬಂದು ಉಳಿದ ಕೆಲಸ ಮುಗಿಸ್ತವೆ.

ಇದರಲ್ಲಿ ನಮ್ಮ ಎರಿ ಮಣ್ಣಿನ ಪಾತ್ರ ದೊಡ್ಡದು. ಹುನಗುಂದದ ಕಡೆ ಎರಿ ಹೊಲ ನೋಡಿದವರಿಗೆ ಗೊತ್ತು, ಮಳೆ ನಿಂತ ಮೇಲೂ ಒಳಗಿನ ಹಸಿ ನಂಬಿಕೊಂಡೇ ಹಿಂಗಾರಿ ಬಿಳಿಜೋಳ, ಕಡಲೆ ಬೆಳೀತವೆ. ಅಷ್ಟು ನೀರು ಹಿಡಿದಿಡುವ ಮಣ್ಣು ಅದು. ಹೊಲದಲ್ಲಿ ಅದೇ ಅದರ ಭಾಗ್ಯ. ಕುಂಡದಲ್ಲಿ ಅದೇ ಶಾಪ. ಹೊಲದಲ್ಲಿ ನೀರು ಕೆಳಗೆ ಇಳಿಯಲು ಆಳ ಇರ್ತದೆ. ಕುಂಡದಲ್ಲಿ ಇರೋದು ಆರೇಳು ಇಂಚು, ಅದರ ಕೆಳಗೆ ಮುಚ್ಚಿದ ತಳ. ಹಸಿಯಾದಾಗ ಈ ಮಣ್ಣು ಉಬ್ಬಿ ಸಂದೆಲ್ಲ ಮುಚ್ಚುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡ್ತದೆ. ನನ್ನ ಸಿರಾಮಿಕ್ ಪಾಟಿಗೆ ತಳದಲ್ಲಿ ತೂತೇ ಇರಲಿಲ್ಲ. ಕೊಳ್ಳುವಾಗ ಬಣ್ಣ ನೋಡಿದೆ, ತಳ ನೋಡಲಿಲ್ಲ.

ತೂತಿಲ್ಲದಿದ್ದರೂ ಕೆಳಗೆ ಜಲ್ಲಿಕಲ್ಲು ಹಾಕಿದರೆ ನೀರು ಇಳೀತದೆ ಅಂತ ವಿಡಿಯೊಗಳಲ್ಲಿ ತೋರಿಸ್ತಾರೆ. ನಾನೂ ನಂಬಿದ್ದೆ. ಒಂದು ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡ ಹಿಡಿದು ಹನಿ ನಿಲ್ಲೋವರೆಗೂ ಬಿಡಿ. ಹನಿ ನಿಂತ ಮೇಲೂ ಸ್ಪಂಜಿನ ಕೆಳಭಾಗ ತೊಯ್ದೇ ಇರ್ತದೆ. ಕುಂಡದ ಮಣ್ಣೂ ಹಾಗೇ. ಕೆಳಗೆ ಕಲ್ಲಿದ್ದರೆ ಆ ತೊಯ್ದ ಪದರ ಕಲ್ಲಿನ ಮೇಲೆ, ಬೇರಿಗೆ ಇನ್ನೂ ಹತ್ತಿರ ಕೂರುತ್ತದೆ, ಅಷ್ಟೇ. ತೂತು ಮುಚ್ಚಿಹೋಗದ ಹಾಗೆ ಒಂದು ಹಂಚಿನ ಚೂರು ಸಾಕು. ತೂತಿಗೆ ಮಾತ್ರ ಬದಲಿ ಇಲ್ಲ.

ಹಂಗಾದ್ರೆ ಒಣಗಿದ್ದೋ ಕೊಳೆತಿದ್ದೋ ಅಂತ ಗೊತ್ತು ಮಾಡೋದು ಹೇಗೆ? ಮೂರು ಕೆಲಸ, ಎರಡು ನಿಮಿಷ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಹಾಕಿ. ಉಗುರು ಹೊಲಸಾಗ್ತದೆ ಅನ್ನೋರು ಕಸಬರಿಗೆ ಕಡ್ಡಿ ಚುಚ್ಚಿ ತೆಗೀರಿ, ಮಣ್ಣು ಅಂಟಿ ಬಂದರೆ ಹಸಿ ಇದೆ. ಆಮೇಲೆ ಕುಂಡ ಎತ್ತಿ ನೋಡಿ. ಒಣಗಿದ ಕುಂಡ ಆಶ್ಚರ್ಯ ಆಗೋವಷ್ಟು ಹಗುರ ಇರ್ತದೆ, ನಾಲ್ಕು ಸಲ ಎತ್ತಿದರೆ ಕೈಗೇ ಲೆಕ್ಕ ಸಿಗ್ತದೆ. ಕೊನೆಗೆ ಮೂಸಿ. ಚಲೋ ಮಣ್ಣಿಗೆ ಮೊದಲ ಮಳೆಯ ವಾಸನೆ, ಕೆಟ್ಟದ್ದಕ್ಕೆ ಗಟಾರದ ವಾಸನೆ.

ಒಣಗಿದ್ದಾದರೆ ನೀವು ಅದೃಷ್ಟವಂತರು. ಆದರೆ ಮೇಲಿನಿಂದ ಒಂದು ತಂಬಿಗೆ ಸುರಿದು "ಆಯ್ತು" ಅನ್ನಬೇಡಿ. ಬಿರುಕು ಬಿಟ್ಟ ಎರಿ ಮಣ್ಣಾದರೆ ನೀರು ಬಿರುಕಿನಲ್ಲಿ ಜಾರಿ ಕೆಳಗಿನ ತಟ್ಟೆಗೆ ಬರ್ತದೆ, ನಡುವಿನ ಮಣ್ಣು ಒಣಗಿದ್ದು ಒಣಗಿದ್ದೇ. ನರ್ಸರಿಯಿಂದ ಕೊಕೊಪೀಟಿನಲ್ಲಿ ಬಂದ ಗಿಡಕ್ಕೂ ಇದೇ ಗತಿ. ಕೊಕೊಪೀಟ್ ಪೂರ್ತಿ ಒಣಗಿದರೆ ನೀರನ್ನು ಬೇಗ ಹೀರೋದಿಲ್ಲ, ಅಂಚಿನಿಂದ ಹರಿದುಹೋಗ್ತದೆ. ಅದಕ್ಕೆ ಬಕೆಟ್ಟಿನಲ್ಲಿ ಗೇಣಷ್ಟು ನೀರು ಹಾಕಿ, ಕುಂಡವನ್ನು ಅದರಲ್ಲಿ ಅರ್ಧ ತಾಸು ಕೂರಿಸಿ. ತಳದ ತೂತಿನಿಂದ ನೀರು ಏರ್ತದೆ. ಮೇಲಿನ ಮಣ್ಣು ತೊಯ್ದು ಕಪ್ಪಾದಾಗ ಎತ್ತಿ, ಹನಿ ನಿಲ್ಲೋವರೆಗೂ ಸೋರಲು ಬಿಟ್ಟು, ನೆರಳಲ್ಲಿಡಿ. ಪೀಸ್ ಲಿಲಿ ಇದ್ದವರಿಗೆ ಇದು ತಮಾಷೆ. ಮಧ್ಯಾಹ್ನ ಸತ್ತಂತೆ ಬಿದ್ದದ್ದು ಸಂಜೆ ಚಹಾ ಹೊತ್ತಿಗೆ ಎದ್ದು ನಿಂತಿರ್ತದೆ.

ಇನ್ನೊಂದು ಮಾತು ನಡುವೆ. ಮಧ್ಯಾಹ್ನ ಎರಡಕ್ಕೆ ಬಾಗಿ, ಸಂಜೆ ತಾನಾಗಿ ಎದ್ದರೆ ಅದು ಕಾಯಿಲೆ ಅಲ್ಲ. ಹೊಲದ ಸೂರ್ಯಕಾಂತಿ, ಬಳ್ಳಿಯ ಸೌತೆ ಎಲ್ಲ ಹಾಗೇ ಮಾಡ್ತವೆ. ಸಂಜೆಯವರೆಗೂ ಕಾಯಿರಿ. ಮುಂಜಾನೆ ತಂಪಿನಲ್ಲೂ ಬಾಗಿಯೇ ಇದ್ದರೆ ಆಗ ವಿಚಾರ ಮಾಡೋಣ.

ಕೊಳೆತದ್ದಾದರೆ ಕೆಲಸ ಜಾಸ್ತಿ. ಮಾಮಾ ಕ್ಯಾಮೆರಾದಲ್ಲಿ ನೋಡುತ್ತಿದ್ದಂತೆ ನಾನು ಕುಂಡ ಬೋರಲು ಹಾಕಿ ಗಿಡ ಹೊರಗೆ ತೆಗೆದೆ. ಬದುಕಿದ ಬೇರು ಬೆಳ್ಳಗೆ, ಗಟ್ಟಿಯಾಗಿರ್ತದೆ. ನನ್ನವು ಕಂದು ಬಣ್ಣ, ಲೋಳೆ ಲೋಳೆ. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳೀತಿತ್ತು. ಕೊಳೆತ ಬೇರನ್ನೆಲ್ಲ ಸ್ಯಾನಿಟೈಸರ್ ಒರೆಸಿದ ಕತ್ತರಿಯಿಂದ ಕತ್ತರಿಸಬೇಕು. ಬೇರು ಅರ್ಧ ಹೋದರೆ ಮೇಲಿನ ಎಲೆಯನ್ನೂ ಕಡಿಮೆ ಮಾಡಬೇಕು, ಆದಾಯ ಕಡಿಮೆಯಾದ ಮನೆಯಲ್ಲಿ ಖರ್ಚು ಇಳಿಸಿದ ಹಾಗೆ. ಉಳಿದದ್ದನ್ನು ಚಿಕ್ಕ ಕುಂಡಕ್ಕೆ ಹಾಕಿ. ದೊಡ್ಡದಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ಹಾಗೇ ನಿಲ್ಲುತ್ತದೆ. ಮಣ್ಣಿಗೆ ಒಂದು ಪಾಲು ಮಸಾರಿ, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಎರೆಹುಳು ಗೊಬ್ಬರ. ಬಾದಾಮಿ ಕಡೆಯವರ ಮಣ್ಣು ಮರಳುಗಲ್ಲಿನದು, ಮೊದಲೇ ಉಸುಕು ಉಸುಕಾಗಿದ್ದರೆ ಉಸುಕು ಕಡಿಮೆ ಹಾಕಿ ಗೊಬ್ಬರ ಹೆಚ್ಚಿಸಿ. ಆಮೇಲೆ ನೆರಳಲ್ಲಿಟ್ಟು ಸುಮ್ಮನಿರಿ. ಈ ಸುಮ್ಮನಿರೋದೇ ನಮಗೆ ಆಗೋದಿಲ್ಲ.

ಆಗದೆ ಏನು ಮಾಡ್ತೀವಿ? ಗೊಬ್ಬರ ಹಾಕ್ತೀವಿ. ಪಕ್ಕದ ಮನೆ ಕಾಕಾ ಒಬ್ಬರು ಜೋತ ಗಿಡಕ್ಕೆ ಒಂದು ಹಿಡಿ ಯೂರಿಯಾ ಹಾಕಿ "ಟಾನಿಕ್" ಅಂದರು. ಎರಡು ದಿನಕ್ಕೆ ಗಿಡ ಸುಟ್ಟ ಹಾಗಾಯ್ತು. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿದರೆ ಹೋಳು ನೀರು ಬಿಡ್ತದಲ್ಲ? ಮಣ್ಣಿನಲ್ಲಿ ಗೊಬ್ಬರದ ಲವಣ ಜಾಸ್ತಿಯಾದರೆ ಬೇರಿನಿಂದಲೂ ನೀರು ಹಾಗೇ ಹೊರಗೆ ಬರ್ತದೆ. ಹೊಸ ಎಲೆ ಬಂದ ಮೇಲಷ್ಟೇ ಗೊಬ್ಬರದ ಮಾತು.

ಇದೇ ಉಪ್ಪಿನ ಕಥೆ ಇನ್ನೊಂದು ದಾರಿಯಿಂದಲೂ ಬರ್ತದೆ. ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ವ್ಯರ್ಥ ಮಾಡಬಾರದು ಅಂತ ಬಹಳ ಜನ ಗಿಡಕ್ಕೆ ಹಾಕ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಬೋರಿನ ಸವಳು ನೀರಿನಿಂದ ಯಂತ್ರ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇರ್ತದೆ. ಎಲೆ ತುದಿ ಕಂದಾಗಿ ಒಣಗುತ್ತಿದ್ದರೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಇದೇ ಕಾರಣ ಇರಬಹುದು. ಆ ನೀರು ನೆಲ ಒರೆಸಲು ಬಳಸಿ. ಗಿಡಕ್ಕೆ ಮಳೆನೀರೋ ಹೊಳೆಯ ನಳದ ನೀರೋ ಕುಂಡದ ಎರಡು ಮೂರು ಪಟ್ಟು ಹಾಕಿ, ತಳದಿಂದ ಹರಿದುಹೋಗಲು ಬಿಡಿ. ಉಪ್ಪು ತೊಳೆದು ಹೋಗ್ತದೆ.

ಇನ್ನು ನಾಲ್ಕನೆಯದು, ಕೊಳವೆ ಕಟ್ಟೋದು. ಇದು ಮನೆ ಕುಂಡಕ್ಕಿಂತ ಮಾಮಾನ ತೋಟದ ಕಥೆ. ಬೆರಳು ಹಾಕಿ ನೋಡೋದನ್ನು ಆತ ಕಲಿತದ್ದು ಅಲ್ಲಿಂದಲೇ.

ಕಲಾದಗಿ ಅಂದ್ರೆ ಈಗ ಹಣ್ಣಿನ ಊರು. ಘಟಪ್ರಭಾ ದಂಡೆಯ ಈ ಊರು ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು, ಆಮೇಲೆ ಕಚೇರಿಗಳು ವಿಜಯಪುರಕ್ಕೆ ಹೋದವು ಅನ್ನೋದು ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ದಾಳಿಂಬೆ, ಚಿಕ್ಕು ಮಾತ್ರ ಎಲ್ಲರಿಗೂ ಗೊತ್ತು. ಆ ದಾಳಿಂಬೆಗೆ ಸೊರಗು ರೋಗ ಅಂತ ಒಂದು ಬರ್ತದೆ. ಮೊದಲು ಒಂದು ಟೊಂಗೆಯ ಎಲೆ ಹಳದಿಯಾಗಿ ಜೋಲುತ್ತದೆ, ಆಮೇಲೆ ಇಡೀ ಗಿಡ. ಅವಿಭಜಿತ ವಿಜಯಪುರ ಜಿಲ್ಲೆಯಲ್ಲಿ ಇದು ಕಣ್ಣಿಗೆ ಬಿದ್ದದ್ದು 1990ರಲ್ಲಿ. ಬಾಗಲಕೋಟೆ ಆಗಿನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ಆದದ್ದು 1997ರಲ್ಲಿ. ಯಾಕೆ ಸೊರಗುತ್ತಿದೆ ಅಂತ ಕೆಲವು ವರ್ಷ ಯಾರಿಗೂ ತಿಳಿಯಲಿಲ್ಲ. 1996ರಲ್ಲಿ ಸೊರಗಿದ ಗಿಡಗಳ ಕಾಂಡ, ಬೇರಿನಿಂದ ಸೆರಟೋಸಿಸ್ಟಿಸ್ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು ಬೇರ್ಪಡಿಸಿದರು. ಅದು ಕಟ್ಟಿಗೆಯೊಳಗೆ ಸೇರಿ ನೀರಿನ ದಾರಿಯನ್ನೇ ಕೆಡಿಸ್ತದೆ. ಕಾಂಡ ಅಡ್ಡ ಕೊಯ್ದು ನೋಡಿದರೆ ಒಳಗೆ ಕಂದು ಕಲೆ ಕಾಣ್ತದೆ.

ಮಾಮಾ ಮೊದಲ ಸಲ ಸೊರಗಿದ ಗಿಡ ಕಂಡಾಗ ಮಾಡಿದ್ದು ನಾನು ಮಾಡಿದ್ದೇ. ಬಿಸಿಲಿಗೆ ಅಂತ ಡ್ರಿಪ್ ಇನ್ನೂ ಎರಡು ತಾಸು ಬಿಟ್ಟ. ಈ ರೋಗ ಮಣ್ಣು, ನೀರಿನ ಜೊತೆಯೇ ಪಕ್ಕದ ಗಿಡಕ್ಕೆ ದಾಟುವಂಥದ್ದು. ಒಂದು ಸಾಲು ಹೋಯಿತು. "ಒಂದ ಗಿಡ ಕೊಯ್ದು ನೋಡಿದ್ರ ಸಾಲು ಉಳೀತಿತ್ತು," ಅಂತ ಈಗಲೂ ಅಂತಾನೆ. ನಿಮ್ಮಲ್ಲಿ ದಾಳಿಂಬೆ ತೋಟ ಇದ್ದವರಿಗೆ ಒಂದೇ ಮಾತು: ಒಂದು ಟೊಂಗೆ ಸೊರಗಿದಾಗಲೇ ಫೋಟೊ ತೆಗೆದು ಗ್ರೂಪಿಗೆ ಹಾಕೋದರ ಬದಲು ನವನಗರದ ಉದ್ಯಾನಗಿರಿಯಲ್ಲಿರುವ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಕೇಳಿ. 2008ರಿಂದ ಅದು ನಮ್ಮೂರಲ್ಲೇ ಇದೆ. ನಾವು ಅದರ ಗೇಟಿನ ಮುಂದೆಯೇ ಓಡಾಡಿ, ಉತ್ತರವನ್ನು ಯೂಟ್ಯೂಬಿನಲ್ಲಿ ಹುಡುಕ್ತೀವಿ.

ನನ್ನ ಬಳ್ಳಿಗೆ ಬರೋಣ. ಬೇರು ಪೂರ್ತಿ ಹೋಗಿತ್ತು. ಬುಡ ಒತ್ತಿದರೆ ಮೆತ್ತಗೆ. ನಾನು ಅಳೋದು ಮಾಮಾಗೆ ಕ್ಯಾಮೆರಾದಲ್ಲಿ ಕಾಣಿಸ್ತು ಅನಿಸ್ತದೆ.

"ತುದಿ ಹಸರು ಐತೇನು?"

"ಐತಿ. ಎರಡು ಎಲಿ ಗಟ್ಟಿ ಅದಾವ."

"ಮತ್ತ್ಯಾಕ ಅಳ್ತೀ? ನಿಮ್ಮ ಆಯಿ ತಂದಿದ್ದೂ ಅಷ್ಟ."

ಮನಿ ಪ್ಲಾಂಟಿನ ಬಗ್ಗೆ ಆಮೇಲೆ ಓದಿದೆ. ಅದರ ಮೂಲ ಪೆಸಿಫಿಕ್ ಸಾಗರದ ಮೂರಿಯಾ ಎಂಬ ಸಣ್ಣ ದ್ವೀಪ. ಅದು ಹೂ ಬಿಡೋದು ತೀರಾ ಅಪರೂಪ. ಆದ್ದರಿಂದ ಮನೆಮನೆಗಳಲ್ಲಿರುವ ಮನಿ ಪ್ಲಾಂಟ್ ಬೀಜದಿಂದ ಬಂದದ್ದಲ್ಲ, ಯಾರದೋ ಬಳ್ಳಿಯ ತುಂಡಿನಿಂದ ಬಂದದ್ದು. ತುಂಡು ಅಂದ್ರೆ ಮಗು ಅಲ್ಲ, ಅದೇ ಗಿಡ. ಹಾರ್ಲಿಕ್ಸ್ ಬಾಟಲಿಯಲ್ಲಿ ಬಂದದ್ದೂ ಮುಳುಗಡೆ ಓಣಿಯ ಆ ಬಳ್ಳಿಯೇ.

ತುಂಡು ಮಾಡುವಾಗ ಗೆಣ್ಣು ಇರಬೇಕು, ಅದು ಮುಖ್ಯ. ಎಲೆ ಹುಟ್ಟುವ ಆ ಗಂಟಿನ ಹತ್ತಿರ ಸಣ್ಣ ಕಂದು ಮೊಳೆಯಂಥ ಬೇರು ಕಾಣ್ತದೆ. ಅದರ ಕೆಳಗೆ ಕತ್ತರಿಸಿ. ಬರೀ ಎಲೆ ನೀರಲ್ಲಿಟ್ಟರೆ ಅದರಿಂದ ಬಳ್ಳಿ ಬರೋದಿಲ್ಲ. ಕೊಳೆತ ಭಾಗ ಒಂದು ಚೂರೂ ಉಳಿಯಬಾರದು, ಕೊಯ್ದ ಜಾಗ ಒಳಗೆಲ್ಲ ಹಸಿರಾಗಿರಬೇಕು. ಗೆಣ್ಣು ನೀರಲ್ಲಿ ಮುಳುಗಿ, ಎಲೆ ಹೊರಗಿರಲಿ. ನೀರನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ. ನೀರಲ್ಲೇ ಇದ್ದೂ ಇದು ಯಾಕೆ ಕೊಳೆಯೋದಿಲ್ಲ ಅಂತ ಕೇಳಬಹುದು. ಹೊಸ ನೀರಿನಲ್ಲಿ ಕರಗಿದ ಆಮ್ಲಜನಕ ಇರ್ತದೆ, ನೀರಲ್ಲಿ ಹುಟ್ಟಿದ ಬೇರು ಅದಕ್ಕೆ ಒಗ್ಗಿಕೊಂಡೇ ಬೆಳೀತದೆ. ಮಣ್ಣಿನ ಕೆಸರಿನಲ್ಲಿ ಅದು ಸಿಗೋದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳು, ಬೆಕ್ಕು ಇದ್ದರೆ ಬಾಟಲಿಯನ್ನು ಎತ್ತರದಲ್ಲಿಡಿ. ಈ ಎಲೆ ಅಗಿದರೆ ಬಾಯಿ, ಗಂಟಲು ಉರೀತದೆ.

ನಾನು ಎರಡು ತುಂಡು ಮಾಡಿದೆ. ಒಂದು ಐದೇ ದಿನಕ್ಕೆ ಕಪ್ಪಾಯಿತು. ಇನ್ನೊಂದು ಹದಿನೈದು ದಿನ ಏನೂ ಮಾಡಲಿಲ್ಲ, ಬರೀ ನಿಂತಿತ್ತು. ಹದಿನೇಳನೇ ದಿನ ಗೆಣ್ಣಿನಿಂದ ಅಕ್ಕಿಕಾಳಿನಷ್ಟು ಬಿಳಿ ಬೇರು. ಬೇರು ಬೆರಳುದ್ದ ಆದ ಮೇಲೆ ತೂತಿರುವ ಮಣ್ಣಿನ ಕುಂಡಕ್ಕೆ ಹಾಕಿದೆ. ಇಪ್ಪತ್ತು ರೂಪಾಯಿಯದು, ಬಣ್ಣ ಇಲ್ಲ.

ಮೂರನೇ ಹೊಸ ಎಲೆ ಹೋದ ವಾರ ಬಿಚ್ಚಿಕೊಂಡಿದೆ. ನಿನ್ನೆ ಮಧ್ಯಾಹ್ನ ಎಲೆಗಳು ಸ್ವಲ್ಪ ಬಾಗಿದ್ದವು. ತಂಬಿಗೆ ಕೈಯಲ್ಲೇ ಇತ್ತು. ಬೆರಳು ಹಾಕಿ ನೋಡಿದೆ, ಇನ್ನೂ ಹಸಿ ಇತ್ತು. ಆ ನೀರು ನಾನೇ ಕುಡಿದೆ.